ಕ್ರ್ಯಾಂಕ್ ಒಂದು ಹೇಳುತ್ತದೆ, ಟ್ರೈನರ್ ಇನ್ನೊಂದು ಹೇಳುತ್ತದೆ: ಯಾವ ವ್ಯಾಟ್ ನಂಬೋಣ?

ಬೆಣ್ಣೆದೋಸೆ_ಸವಾರ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸೈಕಲ್ಲಿನ ಎಡಗಡೆ ಕ್ರ್ಯಾಂಕ್‌ನಲ್ಲಿ (ಪೆಡಲ್ ಕೂರುವ ತೋಳು) ಅಂಟಿಕೊಂಡಿರುವ, ತುಳಿತದ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ಅಳೆಯುವ ಪವರ್ ಮೀಟರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದೇನೆ. ಕ್ರ್ಯಾಂಕ್ ಉದ್ದ 170 ಮಿ.ಮೀ. ಮನೆಯಲ್ಲಿ ಸ್ಮಾರ್ಟ್ ಟ್ರೈನರ್ (ಸೈಕಲ್ ನಿಲ್ಲಿಸಿ ಒಳಗೇ ತುಳಿಯುವ, ತಾನೂ ವ್ಯಾಟ್ ಅಳೆಯುವ ಯಂತ್ರ) ಮೊದಲೇ ಇತ್ತು. ಎರಡೂ ಒಂದೇ ಅಂಕಿ ತೋರಿಸುತ್ತಿಲ್ಲ. ಟ್ರೈನರ್ 190 ವ್ಯಾಟ್ ಅಂದರೆ ಕ್ರ್ಯಾಂಕ್ 205 ಅನ್ನುತ್ತದೆ, ಅದೂ ಒಂದೇ ಹೊತ್ತಿಗೆ, ಒಂದೇ ಕಾಲಿನ ತುಳಿತಕ್ಕೆ. ಇನ್ನು ಹೊರಗೆ ಆನಗೋಡು ದಾಟಿ ಭರಮಸಾಗರದ ಕಡೆ ಹೋದರೆ ಬೆಳಗ್ಗೆ ತಂಪಿನಲ್ಲಿ ಒಂದು ಥರ ಇರುತ್ತದೆ, ವಾಪಸ್ ಬರುವಾಗ ಹತ್ತು ಗಂಟೆ ಬಿಸಿಲಿಗೆ ಅಷ್ಟೇ ಕಷ್ಟಪಟ್ಟು ತುಳಿದರೂ ಅಂಕಿ ಬೇರೆ. ತರಬೇತಿ ಪ್ಲಾನ್ ಪೂರ್ತಿ ವ್ಯಾಟ್ ಲೆಕ್ಕದ್ದು. ಯಾವುದನ್ನು ನಂಬಿ ತುಳಿಯಲಿ? ಮೀಟರ್ ಕೆಟ್ಟಿದೆಯೋ ಇಲ್ಲವೋ ಅಂತ ಊರಲ್ಲೇ ಕೂತು ಕಂಡುಹಿಡಿಯುವ ದಾರಿ ಇದೆಯಾ? ಬೆಂಗಳೂರಿಗೆ ಕಳಿಸಿ ವಾರಗಟ್ಟಲೆ ಕಾಯುವುದಕ್ಕೆ ಮುಂಚೆ ನಿಮ್ಮನ್ನೆಲ್ಲ ಕೇಳೋಣ ಅನ್ನಿಸಿತು.

ಸ್ಪೋಕ್_ಮೇಸ್ತ್ರಿ (ದಾವಣಗೆರೆ)

ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಮೊದಲು ಕಬ್ಬಿಣದ ಕೆಲಸ ನೋಡಿ, ಆಮೇಲೆ ಎಲೆಕ್ಟ್ರಾನಿಕ್ಸ್. ಕ್ರ್ಯಾಂಕ್ ಸರಿಯಾಗಿ ಬಿಗಿಯಾಗಿದೆಯಾ? ಶಿಮಾನೋ ಹಾಲೋಟೆಕ್ 2 ಮಾದರಿಯಾದರೆ ಎಡಗಡೆ ಕ್ರ್ಯಾಂಕ್‌ನಲ್ಲಿ ಎರಡು ಬೋಲ್ಟ್ ಇರುತ್ತವೆ, ಅವು 12ರಿಂದ 14 ನ್ಯೂಟನ್ ಮೀಟರ್ ಬಿಗಿ ಇರಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ, ಇದಕ್ಕಿಷ್ಟು ಅದಕ್ಕಿಷ್ಟು ಅಂತ ಸರದಿ ಮೇಲೆ ಬಿಗಿಯಿರಿ. ಟಾರ್ಕ್ ವ್ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಮಾಡುವ ಕೆಲಸ ಅಲ್ಲ ಇದು. ಪೆಡಲ್ ಕೂಡ ನೋಡಿ, ಅಲುಗಾಟ ಇದ್ದರೆ ಅಂಕಿಯೂ ಅಲುಗುತ್ತದೆ.

ಆಮೇಲೆ ಸೆಲ್. ಅದರಲ್ಲಿ ಸಿಆರ್2032 ಇರುತ್ತದೆ ಅಂತ ಅಂದುಕೊಳ್ಳುತ್ತೇನೆ. ಮುಚ್ಚಳ ತೆಗೆದು ಮಲ್ಟಿಮೀಟರ್ ಇಡಿ. ಹೊಸ ಸೆಲ್ 3 ವೋಲ್ಟಿಗಿಂತ ಸ್ವಲ್ಪ ಮೇಲೇ ತೋರಿಸುತ್ತದೆ. 2.8ರ ಹತ್ತಿರ ಬಂದಿದ್ದರೆ ಯೋಚನೆ ಮಾಡದೆ ಬದಲಾಯಿಸಿ. ಮುಚ್ಚಳದ ಸುತ್ತ ಸಣ್ಣ ರಬ್ಬರ್ ರಿಂಗ್ ಇರುತ್ತದಲ್ಲ, ಅದು ಒಡೆದಿದ್ದರೆ, ಚಪ್ಪಟೆಯಾಗಿದ್ದರೆ ಒಳಗೆ ನೀರು ಹೋಗಿರುತ್ತದೆ. ಸೆಲ್ ಕೂರುವ ತಗಡಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಹೇಳಿ.

ಬೆಣ್ಣೆದೋಸೆ_ಸವಾರ

ಪುಡಿ ಏನೂ ಇಲ್ಲ ಅಣ್ಣ, ತಗಡು ಹೊಳೆಯುತ್ತಿದೆ. ಸೆಲ್ 2.79 ತೋರಿಸಿತು. ಹೊಸದು ತರುತ್ತೇನೆ. ಬೋಲ್ಟ್‌ಗಳಿಗೆ ನಿಮ್ಮ ಅಂಗಡಿಗೇ ಬರುತ್ತೇನೆ.

ದುರ್ಗದ_ಗಾಳಿ (ಚಿತ್ರದುರ್ಗ)

ಸವಾರರೇ, ಮೀಟರ್ ಕೆಟ್ಟಿದೆ ಅನ್ನುವ ತೀರ್ಮಾನಕ್ಕೆ ಈಗಲೇ ಬರಬೇಡಿ. 15 ವ್ಯಾಟ್ ವ್ಯತ್ಯಾಸಕ್ಕೆ ಮೂರು ನಾಲ್ಕು ಕಾರಣ ಸೇರಿಕೊಂಡಿರಬಹುದು, ಒಂದೊಂದೂ ಚಿಕ್ಕದು.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಉಳಿದಿದ್ದೆಲ್ಲ ತಾನೇ ಅರ್ಥವಾಗುತ್ತದೆ. ಕ್ರ್ಯಾಂಕ್ ಎಷ್ಟೇ ಗಟ್ಟಿ ಲೋಹವಾದರೂ ನೀವು ತುಳಿದಾಗ ಕೂದಲೆಳೆಯಷ್ಟು ಬಾಗುತ್ತದೆ. ಆ ಬಾಗನ್ನು ಅಳೆಯುವುದು ಸ್ಟ್ರೇನ್ ಗೇಜ್, ಲೋಹಕ್ಕೆ ಅಂಟಿಸಿದ ತೆಳು ತಂತಿಯ ಜಾಲ. ಲೋಹ ಹಿಗ್ಗಿದರೆ ತಂತಿ ಹಿಗ್ಗುತ್ತದೆ, ಅದರ ವಿದ್ಯುತ್ ನಿರೋಧ ಬದಲಾಗುತ್ತದೆ. ಅದರಿಂದ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ. ಕಾಲು ಎಷ್ಟು ಬೇಗ ತಿರುಗುತ್ತಿದೆ ಅನ್ನುವುದು ಕೇಡೆನ್ಸ್. ಎರಡನ್ನೂ ಗುಣಿಸಿದರೆ ವ್ಯಾಟ್. ಜರ್ಮನಿಯ ಉಲ್ರಿಚ್ ಶೋಬರರ್ ಎಂಬ ಎಂಜಿನಿಯರ್ 1986ರಲ್ಲಿ ಎಸ್‌ಆರ್‌ಎಂ ಶುರು ಮಾಡಿದಾಗಿನಿಂದ ಇವತ್ತಿನವರೆಗೂ ಕ್ರ್ಯಾಂಕ್, ಪೆಡಲ್, ಹಬ್ ಯಾವುದೇ ಇರಲಿ, ಮೂಲ ಕೆಲಸ ಇದೇ.

ಈಗ ಯೋಚಿಸಿ. ತುಳಿತಕ್ಕೆ ಮಾತ್ರ ಅಲ್ಲ, ಬಿಸಿಲಿಗೂ ಲೋಹ ಹಿಗ್ಗುತ್ತದೆ. ನಿಮ್ಮ ಮನೆಯ ಒಳಗೆ ಫ್ಯಾನ್ ಕೆಳಗಿದ್ದ ಸೈಕಲ್ ಏಪ್ರಿಲ್ ತಿಂಗಳಲ್ಲಿ ಹೊರಗೆ ಬಂದರೆ ಹತ್ತು ಡಿಗ್ರಿ ವ್ಯತ್ಯಾಸ ಸಲೀಸಾಗಿ ಆಗುತ್ತದೆ. ಒಳ್ಳೆಯ ಮೀಟರ್‌ಗಳು ಒಳಗೇ ತಾಪಮಾನ ಅಳೆದು ತಿದ್ದಿಕೊಳ್ಳುತ್ತವೆ, ಆದರೆ ಆ ತಿದ್ದುಪಡಿ ಪೂರ್ತಿ ಸರಿಹೋಗಲು ಲೋಹ ಮತ್ತು ಗಾಳಿ ಒಂದೇ ಹದಕ್ಕೆ ಬರಬೇಕು. ಅದಕ್ಕೇ ಝೀರೋ ಆಫ್‌ಸೆಟ್ ಮಾಡುವುದು. ಸಂತೆಯಲ್ಲಿ ತೂಕ ಹಾಕುವ ಮುಂಚೆ ಖಾಲಿ ತಕ್ಕಡಿ ನೆಟ್ಟಗಿದೆಯಾ ಅಂತ ನೋಡುತ್ತಾರಲ್ಲ, ಅದೇ ಕೆಲಸ.

ಮಾಡುವ ರೀತಿ ಹೀಗೆ. ಸೈಕಲ್ ಹೊರಗೆ ತಂದು ನೆರಳಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಬಾಟಲಿಗೆ ನೀರು ತುಂಬಿ, ಟೈರಿಗೆ ಗಾಳಿ ಹೊಡೆಯಿರಿ, ಅಷ್ಟರಲ್ಲಿ ಸಮಯ ಆಗಿರುತ್ತದೆ. ಸೈಕಲ್ ನೆಟ್ಟಗಿರಲಿ. ಎಡ ಕ್ರ್ಯಾಂಕ್ ನೇರ ಕೆಳಗೆ, ಗಡಿಯಾರದ 6ರ ಕಡೆಗೆ. ಪೆಡಲ್ ಮೇಲೆ ಕಾಲಿರಬಾರದು. ಎರಡು ಮೂರು ಸುತ್ತು ತಿರುಗಿಸಿ ಮೀಟರ್ ಎಚ್ಚರ ಮಾಡಿ, ಆಮೇಲೆ ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್‌ನಲ್ಲಿ ಕ್ಯಾಲಿಬ್ರೇಟ್ ಒತ್ತಿ. ಅದು ಒಂದು ಅಂಕಿ ಕೊಡುತ್ತದೆ. ಆ ಅಂಕಿ ಎಷ್ಟಿರಬೇಕು ಅನ್ನುವುದು ಕಂಪನಿಗೊಂದು ಥರ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಬರೆದಿಟ್ಟುಕೊಳ್ಳಿ. ದಿನದಿಂದ ದಿನಕ್ಕೆ ಸ್ವಲ್ಪ ಆಚೀಚೆ ಆಗುವುದು ಸಹಜ. ಇದ್ದಕ್ಕಿದ್ದ ಹಾಗೆ ಜಿಗಿದರೆ ಬೋಲ್ಟ್ ಸಡಿಲ, ಸೆಲ್ ಮುಗಿದಿದೆ, ಇಲ್ಲವೇ ಗೇಜ್ ಅಂಟು ಬಿಡುತ್ತಿದೆ ಅಂತ ಅರ್ಥ. ಕೆಟ್ಟ ಮೀಟರನ್ನು ಎಲ್ಲಕ್ಕಿಂತ ಮೊದಲು ತೋರಿಸಿಕೊಡುವುದು ಆ ಪಟ್ಟಿಯೇ.

ಬೆಳಗ್ಗೆ ಆರಕ್ಕೆ ಹೊರಟು ಬಿಸಿಲೇರಿದರೆ ದಾರಿಯಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ಮಾಡಿ. ಅರ್ಧ ನಿಮಿಷದ ಕೆಲಸ. ನಿಮ್ಮ ಹತ್ತು ಗಂಟೆಯ ಸಮಸ್ಯೆ ಅರ್ಧ ಅಲ್ಲೇ ಮುಗಿಯುತ್ತದೆ.

ಬೆಣ್ಣೆದೋಸೆ_ಸವಾರ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಸರ್. ಸೆಲ್ ಹೊಸದು ಹಾಕಿ, ಬೋಲ್ಟ್ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಸಿ, ಝೀರೋ ಮಾಡಿ ನೋಡಿದೆ. ರಸ್ತೆಯಲ್ಲಿ ಬೆಳಗ್ಗೆ, ಬಿಸಿಲು ಎರಡಕ್ಕೂ ಹೊಂದಿಕೆ ಬಂತು. ಆದರೆ ಟ್ರೈನರ್ ಜೊತೆಗಿನ ವ್ಯತ್ಯಾಸ ಹಾಗೇ ಇದೆ, 190 ಮತ್ತು 205. ಟ್ರೈನರ್ ಡೈರೆಕ್ಟ್ ಡ್ರೈವ್, ಹಿಂದಿನ ಚಕ್ರ ತೆಗೆದು ಹಾಕುವ ಮಾದರಿ.

ದುರ್ಗದ_ಗಾಳಿ

ಹಾಗಾದರೆ ಲೆಕ್ಕ ಹಾಕೋಣ. ಕ್ರ್ಯಾಂಕ್ ಅಳೆಯುವುದು ನಿಮ್ಮ ಕಾಲಿನ ಹತ್ತಿರ. ಟ್ರೈನರ್ ಅಳೆಯುವುದು ಚೈನ್, ಹಲ್ಲುಚಕ್ರ, ಗೇರ್ ಬದಲಾಯಿಸುವ ಡಿರೇಲರ್ ಗಾಲಿಗಳನ್ನೆಲ್ಲ ದಾಟಿದ ಮೇಲೆ. ಶುಭ್ರವಾದ, ಎಣ್ಣೆ ಕಂಡ ಚೈನಿನಲ್ಲೂ ಶೇಕಡಾ 2ರಿಂದ 3 ದಾರಿಯಲ್ಲೇ ಖರ್ಚಾಗುತ್ತದೆ. ಚೈನ್ ಕೊಳಕಿದ್ದರೆ ಇನ್ನೂ ಜಾಸ್ತಿ. ಅಂದರೆ ಟ್ರೈನರ್‌ನಲ್ಲಿ 190 ಇದ್ದರೆ ಕಾಲಿನ ಹತ್ತಿರ 195 ಇರಲೇಬೇಕು. ಆ 5 ವ್ಯಾಟ್ ಯಾರ ತಪ್ಪೂ ಅಲ್ಲ.

ಎರಡನೆಯದು, ನಿಮ್ಮ ಮೀಟರ್ ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ಬಲಗಾಲು ಎಷ್ಟು ತುಳಿಯುತ್ತಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ನಿಮ್ಮ ಎಡಗಾಲು ನೂರಕ್ಕೆ 52 ಪಾಲು ಕೆಲಸ ಮಾಡುತ್ತಿದ್ದರೆ ಅದು 104 ಅಂತ ತೋರಿಸುತ್ತದೆ. 48 ಆದರೆ 96. ಶೇಕಡಾ 4 ಹೀಗೆ ಬರುತ್ತದೆ. 195ಕ್ಕೆ ಅದು 8 ವ್ಯಾಟ್. ಆಯಿತಲ್ಲ, 203ಕ್ಕೆ ಬಂದೆವು. ಇನ್ನು ಮೀಟರ್‌ಗಳ ನಿಖರತೆ ಪ್ಲಸ್ ಮೈನಸ್ 1ರಿಂದ 2 ಪರ್ಸೆಂಟ್ ಅಂತ ಕಂಪನಿಗಳೇ ಬರೆಯುತ್ತವೆ, ಟ್ರೈನರ್‌ಗೂ ಅಷ್ಟೇ. ಉಳಿದ 2 ವ್ಯಾಟ್ ಅದರೊಳಗೇ ಬರುತ್ತದೆ.

ಇದು ನನ್ನ ಊಹೆ ಮಾತ್ರ, ನಿಮ್ಮ ಕಾಲು ನಾನು ನೋಡಿಲ್ಲ. ಖಚಿತ ಮಾಡಿಕೊಳ್ಳಲು ಎರಡು ದಾರಿ. ಒಂದು, ಎರಡೂ ಕಡೆ ಅಳೆಯುವ ಪೆಡಲ್ ಇರುವವರ ಹತ್ತಿರ ಒಂದು ದಿನಕ್ಕೆ ಕೇಳಿ ಹಾಕಿ ನೋಡುವುದು. ಇನ್ನೊಂದು, ತೂಕದ ಪರೀಕ್ಷೆ. ಅದನ್ನು ಎಲ್ಲರೂ ಕಲಿಯಬೇಕು ಅಂತ ನನ್ನ ಆಸೆ. ಸೊನ್ನೆ ಸರಿ ಇದ್ದ ಮಾತ್ರಕ್ಕೆ ಮೇಲಿನ ಅಳತೆ ಸರಿ ಇದೆ ಅಂತ ಹೇಳಲಾಗುವುದಿಲ್ಲ. ಝೀರೋ ಆಫ್‌ಸೆಟ್ ಸರಿಮಾಡುವುದು ಸೊನ್ನೆಯನ್ನು ಮಾತ್ರ.

ನಿಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಸರ್ಕಾರದ ಸೀಲ್ ಇರುವ ಕಬ್ಬಿಣದ 10 ಕೆ.ಜಿ. ತೂಕದ ಬಟ್ಟು ಇದ್ದರೆ ಅರ್ಧ ಗಂಟೆಗೆ ಕೇಳಿ ತನ್ನಿ. ಜಿಮ್ ಪ್ಲೇಟ್ ಬೇಡ, ಅದರ ಮೇಲೆ ಬರೆದ ತೂಕಕ್ಕೂ ನಿಜ ತೂಕಕ್ಕೂ ವ್ಯತ್ಯಾಸ ಇರಬಹುದು. ಮೊದಲು ಝೀರೋ ಮಾಡಿ. ಹಿಂದಿನ ಬ್ರೇಕ್ ಬಿಗಿಯಾಗಿ ಹಿಡಿದು, ಎಡ ಕ್ರ್ಯಾಂಕ್ ಮುಂದಕ್ಕೆ ಅಡ್ಡ ನಿಲ್ಲಿಸಿ. ನೆಲಕ್ಕೆ ಸಮನಾಗಿದೆಯಾ ಅಂತ ಗಾರೆ ಕೆಲಸದವರ ಮಟ್ಟದಲ್ಲಿ ನೋಡಿ. ಪೆಡಲ್ ಅಚ್ಚಿನ ನಡುವಿನಿಂದ ಗಟ್ಟಿ ಹಗ್ಗದಲ್ಲಿ ತೂಕ ನೇತುಹಾಕಿ, ಅಲುಗಾಡುವುದು ನಿಲ್ಲಲಿ. ಆ್ಯಪ್‌ನಲ್ಲಿ ಟಾರ್ಕ್ ಎಷ್ಟು ಅಂತ ನೋಡಿ. 10 ಕೆ.ಜಿ.ಯನ್ನು 9.81ರಿಂದ ಗುಣಿಸಿ, ಅದನ್ನು 0.170ರಿಂದ ಗುಣಿಸಿದರೆ 16.68 ನ್ಯೂಟನ್ ಮೀಟರ್. ಅದರ ಆಸುಪಾಸು ಬರಬೇಕು. ಹಗ್ಗದ ತೂಕವನ್ನೂ ಸೇರಿಸಿ. ಆ್ಯಪ್ ತೋರಿಸುವುದು ಎರಡರಿಂದ ಗುಣಿಸಿದ ಅಂಕಿಯೋ ಅಲ್ಲವೋ ಅಂತಲೂ ಗಮನಿಸಿ.

ಪಿಟಿ_ಮೇಷ್ಟ್ರು (ಹೊಳಲ್ಕೆರೆ)

ಎಲ್ಲ ಓದಿದೆ. ಬಹಳ ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟೊಂದು ಒಳ್ಳೆಯ ಸೈಕ್ಲಿಸ್ಟ್‌ಗಳು ಬಂದರು. ಅವರಲ್ಲಿ ಎಷ್ಟು ಜನ ಹುಡುಗರಾಗಿದ್ದಾಗ ಪವರ್ ಮೀಟರ್ ನೋಡಿದ್ದರು? ಮೈ ಏನು ಹೇಳುತ್ತದೆ ಅಂತ ಕೇಳಿಸಿಕೊಂಡು, ಗುಂಪಿನಲ್ಲಿ ತುಳಿದು ಕಲಿತರು. ನನ್ನ ಶಾಲೆಯ ಮಕ್ಕಳಿಗೆ ನಾನು ಹೇಳಿಕೊಡುವುದು ಒಂದರಿಂದ ಹತ್ತರವರೆಗೆ ಎಷ್ಟು ಕಷ್ಟ ಅನ್ನಿಸಿತು ಅಂತ ಹೇಳಲು ಮಾತ್ರ. ಹೆಚ್ಚೆಂದರೆ ಎದೆಗೆ ಕಟ್ಟುವ ಹಾರ್ಟ್ ರೇಟ್ ಸ್ಟ್ರ್ಯಾಪ್ ಸಾಕು. ನಮ್ಮ ಬಿಸಿಲಿನಲ್ಲಿ ವ್ಯಾಟ್ 180 ಇದ್ದರೂ ಎದೆ ಬಡಿತ 175 ದಾಟಿದರೆ ನಿಲ್ಲಿಸಬೇಕು. ಆ ಮಾತನ್ನು ಕ್ರ್ಯಾಂಕ್ ಹೇಳುತ್ತದೆಯೇ?

ಹರಿಹರದ_ಹೊಳೆ (ಹರಿಹರ)

ಸರ್, ನೀವು ಹೇಳಿದ್ದು ಒಪ್ಪುತ್ತೇನೆ, ಅರ್ಧ. ನಾನು ಕಾಲೇಜು ಓದುತ್ತಾ ರೇಸ್‌ಗೆ ತಯಾರಾಗುತ್ತಿದ್ದೇನೆ. ಒಬ್ಬಳೇ ತುಳಿಯುವುದು ಜಾಸ್ತಿ, ಗುಂಪು ಸಿಗುವುದಿಲ್ಲ. ಗುಂಪಿಲ್ಲದವಳಿಗೆ ಇವತ್ತು ಸರಿಯಾಗಿ ತುಳಿದೆನಾ ಅಂತ ಹೇಳುವವರು ಯಾರು? ಎದೆ ಬಡಿತ ಹೇಳುತ್ತದೆ, ಆದರೆ ತಡವಾಗಿ ಹೇಳುತ್ತದೆ. ಒಂದು ನಿಮಿಷದ ಜೋರು ಓಟ ಮುಗಿಯುವ ಹೊತ್ತಿಗೆ ಬಡಿತ ಇನ್ನೂ ಮೇಲೇರುತ್ತಲೇ ಇರುತ್ತದೆ. ರಾತ್ರಿ ನಿದ್ದೆ ಕಡಿಮೆಯಾದರೆ, ಬೆಳಗ್ಗೆ ಗಟ್ಟಿ ಕಾಫಿ ಕುಡಿದರೆ, ಪರೀಕ್ಷೆ ಹತ್ತಿರ ಇದ್ದರೆ ಬಡಿತ ಬೇರೆ. ವ್ಯಾಟ್ ಆ ಕ್ಷಣದ್ದು.

ಎರಡೂ ಸೇರಿದಾಗಲೇ ಲಾಭ ಅಂತ ನನಗೆ ಅನ್ನಿಸುತ್ತದೆ. ಕಾಲುವೆ ಪಕ್ಕದ ರಸ್ತೆಯಲ್ಲಿ ಎರಡು ಗಂಟೆ ಒಂದೇ ಹದದಲ್ಲಿ ತುಳಿಯುತ್ತೇನೆ. ಮೊದಲ ಗಂಟೆಗೂ ಎರಡನೇ ಗಂಟೆಗೂ ವ್ಯಾಟ್ ಒಂದೇ ಇದ್ದು ಬಡಿತ ಶೇಕಡಾ 5ಕ್ಕಿಂತ ಜಾಸ್ತಿ ಏರಿದ್ದರೆ ದಮ್ಮು ಇನ್ನೂ ಸಾಲದು, ಇಲ್ಲವೇ ನೀರು ಕಮ್ಮಿ ಕುಡಿದಿದ್ದೇನೆ ಅಂತ ಗೊತ್ತಾಗುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಇದು ಗೊತ್ತಾಗುವುದಿಲ್ಲ.

ನನ್ನದೂ ಒಂದು ಪ್ರಶ್ನೆ. ಚಳಿಗಾಲದಲ್ಲಿ ಶುರುವಿನ ಹತ್ತು ನಿಮಿಷ ಸ್ಟ್ರ್ಯಾಪ್ 210, 220 ಅಂತ ತೋರಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಮನೆಯಲ್ಲಿ ಅಮ್ಮ ಅಂಕಿ ನೋಡಿ ಗಾಬರಿಯಾಗಿದ್ದಾರೆ.

ಸ್ಪೋಕ್_ಮೇಸ್ತ್ರಿ

ಅಮ್ಮನಿಗೆ ಹೇಳಿ, ಎದೆಯಲ್ಲಿ ಏನೂ ಆಗಿಲ್ಲದಿದ್ದಾಗಲೂ ಸ್ಟ್ರ್ಯಾಪ್ ಹೀಗೆ ಮಾಡುತ್ತದೆ ತಂಗಿ. ತಲೆಸುತ್ತು, ಎದೆನೋವು ಏನಾದರೂ ಜೊತೆಗೆ ಇದ್ದರೆ ಮಾತ್ರ ಡಾಕ್ಟರ್ ಹತ್ತಿರ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸುಮ್ನೆ ಅಂಕಿ ಮಾತ್ರ ಜಿಗಿಯುತ್ತಿದ್ದರೆ ಕಾರಣ ಒಣ ಚರ್ಮ. ಎದೆ ಪಟ್ಟಿ ಎದೆಯ ವಿದ್ಯುತ್ ಸಂಕೇತ ಹಿಡಿಯುವುದು, ಅದಕ್ಕೆ ತೇವ ಬೇಕು. ಬೆವರು ಬಂದ ಮೇಲೆ ಸರಿಹೋಗುವುದು ಅದಕ್ಕೇ. ಕಟ್ಟಿಕೊಳ್ಳುವ ಮುಂಚೆ ಆ ರಬ್ಬರ್ ಪಟ್ಟೆಗಳನ್ನು ಚೆನ್ನಾಗಿ ನೀರಲ್ಲಿ ಒದ್ದೆ ಮಾಡು. ಒಣ ಗಾಳಿ ಇದ್ದಾಗ ಪಾಲಿಯೆಸ್ಟರ್ ಜೆರ್ಸಿ ಪಟಪಟ ಅಂತ ಉಜ್ಜಿಕೊಂಡು ಸ್ಟ್ಯಾಟಿಕ್ ಹುಟ್ಟುತ್ತದೆ, ಅದೂ ತಪ್ಪು ಅಂಕಿ ತರಿಸುತ್ತದೆ. ಜೆರ್ಸಿ ಮೈಗೆ ಅಂಟಿದ ಹಾಗಿರಲಿ.

ಸವಾರಿ ಮುಗಿದ ಮೇಲೆ ಪಟ್ಟಿಯಿಂದ ಸೆನ್ಸರ್ ಗುಂಡಿ ಬಿಚ್ಚಿಡು. ಬೆವರಿನ ತೇವಕ್ಕೆ ಎರಡೂ ಗುಂಡಿ ಸೇರಿಕೊಂಡು ಅದು ಇನ್ನೂ ಎದೆ ಮೇಲಿದ್ದೇನೆ ಅಂತಲೇ ಅಂದುಕೊಳ್ಳುತ್ತದೆ, ರಾತ್ರಿಯೆಲ್ಲ ಸೆಲ್ ಖಾಲಿ ಆಗುತ್ತದೆ. ಪಟ್ಟಿಯನ್ನು ಪ್ರತಿ ಸಲ ನೀರಲ್ಲಿ ಜಾಲಿಸು, ಆಗಾಗ ಮೆದು ಸೋಪು ಹಾಕು, ನೆರಳಲ್ಲಿ ಒಣಗಿಸು. ಬಟ್ಟೆಗೆ ಹಾಕುವ ಕಂಫರ್ಟ್ ಥರದ್ದು, ಬ್ಲೀಚ್, ಇಸ್ತ್ರಿ ಮೂರೂ ಬೇಡ. ಉಪ್ಪು ಕಟ್ಟಿಕೊಂಡ ಪಟ್ಟಿ ಎಷ್ಟು ಒದ್ದೆ ಮಾಡಿದರೂ ಕೆಲಸ ಮಾಡುವುದಿಲ್ಲ.

ದುರ್ಗದ_ಗಾಳಿ

ಮೇಷ್ಟ್ರೇ, ಮಕ್ಕಳಿಗೆ ಮೀಟರ್ ಬೇಡ ಅನ್ನುವ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬೆಳೆಯುವ ಮಕ್ಕಳು ಆಟವಾಗಿ ತುಳಿಯಲಿ. ಆದರೆ ದೊಡ್ಡವರಿಗೆ, ಅದರಲ್ಲೂ ನಮ್ಮ ದುರ್ಗದವರಿಗೆ, ಇದು ಯಾಕೆ ಬೇಕು ಅಂತ ನನ್ನ ಕಾರಣ ಹೇಳುತ್ತೇನೆ. ಗಾಳಿ. ಜೋಗಿಮಟ್ಟಿ ಸುತ್ತ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ನೆ ಅಲ್ಲ.

ಸೈಕಲ್ ಸೇರಿ 80 ಕೆ.ಜಿ. ಇರುವ ಸಾಧಾರಣ ಮೈಕಟ್ಟಿನವರು ಮಟ್ಟಸ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗುತ್ತಾರೆ ಅಂದುಕೊಳ್ಳಿ. ಗಾಳಿ ಇಲ್ಲದಿದ್ದರೆ ಅಂದಾಜು 140 ವ್ಯಾಟ್ ಬೇಕು. ಗಂಟೆಗೆ 15 ಕಿ.ಮೀ. ಎದುರುಗಾಳಿ ಇದ್ದರೆ ಅದೇ 30ಕ್ಕೆ 270 ವ್ಯಾಟ್ ಹತ್ತಿರ ಬೇಕು. ಅದೇ ಗಾಳಿ ಬೆನ್ನಿಗಿದ್ದರೆ 60 ವ್ಯಾಟ್ ಸಾಕು. ಸ್ಪೀಡೋಮೀಟರ್ ಮೂರು ಸಲವೂ 30 ಅಂತಲೇ ತೋರಿಸುತ್ತದೆ. ಆಷಾಢದಲ್ಲಿ ಪಶ್ಚಿಮದ ಗಾಳಿ ಬೀಸುವಾಗ ದುರ್ಗದಿಂದ ದಾವಣಗೆರೆ ಕಡೆ ಹೋಗುವವರ ಮುಖಕ್ಕೆ ಓರೆಯಾಗಿ ಹೊಡೆಯುತ್ತದೆ, ವಾಪಸ್ ಬರುವಾಗ ಬೆನ್ನು ತಳ್ಳುತ್ತದೆ. ವೇಗ ನೋಡಿಕೊಂಡು ತುಳಿದವರು ಹೋಗುವಾಗಲೇ ಕಾಲು ಸುಟ್ಟುಕೊಳ್ಳುತ್ತಾರೆ. ಎಷ್ಟೋ ಹುಡುಗರು ಜೂನ್ ಜುಲೈನಲ್ಲಿ 'ನಾನು ನಿಧಾನ ಆಗಿಬಿಟ್ಟೆ' ಅಂತ ಬೇಸರಪಟ್ಟು ಸೈಕಲ್ ಬಿಟ್ಟಿದ್ದನ್ನು ನೋಡಿದ್ದೇನೆ. ಅವರು ನಿಧಾನ ಆಗಿರಲಿಲ್ಲ. ಅದನ್ನು ಅವರಿಗೆ ತೋರಿಸಲು ಒಂದು ಅಂಕಿ ಬೇಕಿತ್ತು, ಇರಲಿಲ್ಲ. ನನಗೆ ಈ ಯಂತ್ರದ ಮೇಲೆ ಪ್ರೀತಿ ಇರುವುದು ಅದಕ್ಕೇ.

ಆ ಅಂಕಿಯೇ ತಪ್ಪಾಗಿದ್ದರೆ? ವೇಗಕ್ಕಿಂತ ಕೆಟ್ಟದು, ಯಾಕೆಂದರೆ ಅದನ್ನು ನಂಬುತ್ತೇವೆ. ಅದಕ್ಕೇ ಝೀರೋ, ಸೆಲ್, ತೂಕ ಅಂತ ಇಷ್ಟು ಒತ್ತಿ ಹೇಳುತ್ತಿರುವುದು.

ಇನ್ನೊಂದು ಪರೀಕ್ಷೆ ಇದೆ, ಏರು ಇರುವ ಕಡೆ ಮಾಡುವಂಥದ್ದು. ಕಡಿದಾದ ಏರಿನಲ್ಲಿ ಗಾಳಿಯ ಪಾಲು ಕಡಿಮೆ, ಭಾರ ಎತ್ತುವುದೇ ಮುಖ್ಯ ಕೆಲಸ. ಆಡುಮಲ್ಲೇಶ್ವರದ ಕಡೆಯ ಏರಿನ ಥರದ ರಸ್ತೆಯಲ್ಲಿ, ಗಾಳಿ ಇಲ್ಲದ ಬೆಳಗ್ಗೆ, ಒಂದೇ ಹದದಲ್ಲಿ ಏರಿ. ಒಟ್ಟು ತೂಕ, 9.81, ಏರಿದ ಎತ್ತರ ಮೂರನ್ನೂ ಗುಣಿಸಿ ಸೆಕೆಂಡಿನಿಂದ ಭಾಗಿಸಿ. 80 ಕೆ.ಜಿ., 100 ಮೀಟರ್ ಎತ್ತರ, 8 ನಿಮಿಷ ಅಂದರೆ 163 ವ್ಯಾಟ್ ಚಿಲ್ಲರೆ. ಟೈರು, ಗಾಳಿ, ಚೈನಿಗೆ ಅಂತ ಅದರ ಮೇಲೆ ಹತ್ತು ಹದಿನೈದು ಪರ್ಸೆಂಟ್ ಸೇರಿಸಿ. ಮೀಟರ್ ಅದಕ್ಕಿಂತ ತೀರಾ ದೂರ ಇದ್ದರೆ ಅನುಮಾನ ಪಡಿ. ಎತ್ತರವನ್ನು ನಕ್ಷೆಯಿಂದ ತೆಗೆದುಕೊಳ್ಳಿ, ಕಂಪ್ಯೂಟರಿನ ಬ್ಯಾರೋಮೀಟರ್ ಹವೆ ಬದಲಾದರೆ ಅದರ ಜೊತೆಗೇ ಬದಲಾಗುತ್ತದೆ.

ಜಗಳೂರು_ರೋಡ್

ತೊಳೆಯುವ ಬಗ್ಗೆ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಕ್ರ್ಯಾಂಕ್ ತುಂಬ ಮೆತ್ತಿಕೊಳ್ಳುತ್ತದೆ. ಬೈಕ್ ವಾಟರ್ ಸರ್ವಿಸ್‌ಗೆ ಕೊಟ್ಟರೆ ಆಗುತ್ತಾ? ಮೀಟರ್ ಮೇಲೆ ಐಪಿಎಕ್ಸ್7 ಅಂತ ಇದೆ.

ಸ್ಪೋಕ್_ಮೇಸ್ತ್ರಿ

ದಯವಿಟ್ಟು ಬೇಡ. ಐಪಿಎಕ್ಸ್7 ಅಂದರೆ ಒಂದು ಮೀಟರ್ ಆಳದ ನಿಂತ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ. ಪ್ರೆಷರ್ ಗನ್ನಿನ ಏಟು ಬೇರೆ ಲೆಕ್ಕ. ಅದು ರಬ್ಬರ್ ರಿಂಗ್ ದಾಟಿ ಸೆಲ್ ಗೂಡಿಗೆ ನುಗ್ಗುತ್ತದೆ, ಕ್ರ್ಯಾಂಕ್ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ ಬೇರಿಂಗ್ ಗ್ರೀಸನ್ನೂ ತೊಳೆದು ಹಾಕುತ್ತದೆ. ಬಕೆಟ್ ನೀರು, ಹಳೇ ಬಟ್ಟೆ, ಮೆತ್ತನೆ ಬ್ರಶ್ ಸಾಕು. ಎರೆಮಣ್ಣು ಒಣಗಲು ಬಿಡಬೇಡಿ, ಹಸಿ ಇರುವಾಗಲೇ ನೀರು ಸುರಿದರೆ ಸುಲಭವಾಗಿ ಬಿಡುತ್ತದೆ. ಚೈನ್ ತೊಳೆಯುವ ಡೀಸೆಲ್, ಪೆಟ್ರೋಲ್ ಮೀಟರಿನ ಮುಚ್ಚಳಕ್ಕೆ ತಾಗಬಾರದು. ಸೆಲ್ ಬದಲಾಯಿಸುವಾಗ ರಿಂಗಿಗೆ ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲಿನ್ ಹಚ್ಚಬೇಡಿ, ಕೆಲವು ಜಾತಿಯ ರಬ್ಬರ್ ಅದಕ್ಕೆ ಊದಿಕೊಳ್ಳುತ್ತದೆ.

ಮಳೆಗಿಂತ ಬೆವರು ಕೆಟ್ಟದ್ದು, ಇದನ್ನು ಟ್ರೈನರ್ ಇರುವವರು ಕೇಳಿಸಿಕೊಳ್ಳಿ. ಮನೆಯೊಳಗೆ ಗಾಳಿ ಇರುವುದಿಲ್ಲ, ಬೆವರು ನೇರ ಕೆಳಗೆ ತೊಟ್ಟಿಕ್ಕುತ್ತದೆ, ಉಪ್ಪು ಬೋಲ್ಟಿನ ಸಂದಿಗೆ ಇಳಿಯುತ್ತದೆ. ಇಳಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ.

ಸೆಲ್ ಬಗ್ಗೆ ಇನ್ನೊಂದು ವಿಷಯ. ಮಕ್ಕಳು ನುಂಗದಿರಲಿ ಅಂತ ಕೆಲವು ಸೆಲ್‌ಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ. ಮಕ್ಕಳಿರುವ ಮನೆಗೆ ಒಳ್ಳೆಯದೇ, ಆದರೆ ಆ ಲೇಪ ಕೆಲವು ಸೆನ್ಸರ್‌ಗಳಲ್ಲಿ ಸಂಪರ್ಕ ತಪ್ಪಿಸುತ್ತದೆ. ಹೊಸ ಸೆಲ್ ಹಾಕಿದರೂ ಮೀಟರ್ ಎಚ್ಚರವಾಗದಿದ್ದರೆ ಸ್ಪಿರಿಟ್‌ನಲ್ಲಿ ಅಂಚನ್ನು ಒರೆಸಿ ಹಾಕಿ ನೋಡಿ. ಹಳೇ ಸೆಲ್ ಎಲ್ಲೆಂದರಲ್ಲಿ ಇಡಬೇಡಿ, ಸಣ್ಣ ಮಗು ನುಂಗಿದರೆ ಪ್ರಾಣಕ್ಕೇ ಅಪಾಯ.

ಜಗಳೂರು_ರೋಡ್

ತಿಳಿಯಿತು ಅಣ್ಣ. ಇನ್ನೊಂದು: ನಮ್ಮ ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಹೋಗುವಾಗ ಕೇಡೆನ್ಸ್ ಇದ್ದಕ್ಕಿದ್ದ ಹಾಗೆ 150, 160 ತೋರಿಸಿ ವ್ಯಾಟ್ ಕೂಡ ಮೇಲೆ ಹಾರುತ್ತದೆ.

ದುರ್ಗದ_ಗಾಳಿ

ನಿಮ್ಮದು ಅಯಸ್ಕಾಂತ ಇಲ್ಲದ ಮಾದರಿ ಅನ್ನಿಸುತ್ತದೆ. ಒಳಗಿನ ಆಕ್ಸಲರೋಮೀಟರ್ ಕಾಲು ತಿರುಗುವುದನ್ನು ಅಂದಾಜಿಸುತ್ತದೆ, ರಸ್ತೆಯ ಅದುರಾಟ ಅದಕ್ಕೆ ಗೊಂದಲ ಮಾಡುತ್ತದೆ. ವ್ಯಾಟ್ ಅಂದರೆ ಟಾರ್ಕ್ ಗುಣಿಸು ಕೇಡೆನ್ಸ್ ತಾನೇ, ಒಂದು ಹಾರಿದರೆ ಇನ್ನೊಂದೂ ಹಾರುತ್ತದೆ. ಟೈರ್ ಗಾಳಿ ಸ್ವಲ್ಪ ಇಳಿಸಿ ನೋಡಿ, ಫರ್ಮ್‌ವೇರ್ ಹೊಸದಿದ್ದರೆ ಹಾಕಿ. ಅಂಥ ಸವಾರಿಯ ಗರಿಷ್ಠ ವ್ಯಾಟ್ ದಾಖಲೆಯನ್ನು ನಂಬಬೇಡಿ, ಅಳಿಸಿಬಿಡಿ, ಇಲ್ಲದಿದ್ದರೆ ಆ್ಯಪ್ ಅದನ್ನೇ ಹಿಡಿದುಕೊಂಡು ನಿಮ್ಮ ಎಫ್‌ಟಿಪಿ (ಸುಮಾರು ಒಂದು ಗಂಟೆ ಹಿಡಿದು ತುಳಿಯಬಲ್ಲ ಗರಿಷ್ಠ ವ್ಯಾಟ್) ಜಾಸ್ತಿ ಮಾಡುತ್ತದೆ.

ಕಂಪ್ಯೂಟರ್ ಸೆಟ್ಟಿಂಗ್ ಕೂಡ ಎಲ್ಲರೂ ಒಮ್ಮೆ ನೋಡಿಕೊಳ್ಳಿ. ದಾಖಲೆ ಪ್ರತಿ ಸೆಕೆಂಡಿಗೆ ಇರಲಿ. ವ್ಯಾಟ್ ಸರಾಸರಿಯಲ್ಲಿ ಸೊನ್ನೆಗಳನ್ನೂ ಸೇರಿಸಿ, ಕಾಲು ನಿಲ್ಲಿಸಿದ ಹೊತ್ತೂ ಸವಾರಿಯೇ. ಪರದೆ ಮೇಲೆ 3 ಸೆಕೆಂಡ್ ಸರಾಸರಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಂಕಿ ಕುಣಿಯುವುದನ್ನು ನೋಡುತ್ತಾ ರಸ್ತೆ ನೋಡುವುದು ಮರೆಯುತ್ತೀರಿ. ಟ್ರೈನರ್ ಆ್ಯಪ್‌ಗೆ ಮೀಟರ್ ಸಿಗುತ್ತಿಲ್ಲ ಅಂದರೆ ಹೆಚ್ಚಾಗಿ ಮೊಬೈಲು ಬ್ಲೂಟೂತ್‌ನಲ್ಲಿ ಅದನ್ನು ಮೊದಲೇ ಹಿಡಿದುಕೊಂಡಿರುತ್ತದೆ. ಆ್ಯಂಟ್ ಪ್ಲಸ್ ಅನ್ನುವ ಇನ್ನೊಂದು ವೈರ್‌ಲೆಸ್ ಸಂಪರ್ಕದಲ್ಲಿ ಆ ತೊಂದರೆ ಇಲ್ಲ, ಎಷ್ಟು ಯಂತ್ರ ಬೇಕಾದರೂ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ.

ಬೆಣ್ಣೆದೋಸೆ_ಸವಾರ

ಎಲ್ಲರಿಗೂ ಫಲಿತಾಂಶ ಹೇಳಲು ಬಂದೆ. ಕಿರಾಣಿ ಅಂಗಡಿಯವರು ಬಟ್ಟು ಕೊಟ್ಟರು, ಯಾಕೆ ಅಂತ ಕೇಳಿ ಅವರೇ ಬಂದು ಮಟ್ಟ ಹಿಡಿದುಕೊಂಡು ನಿಂತರು. 16.68 ಬರಬೇಕಿತ್ತು, 16.8 ಬಂತು. ಹಲವು ಸಲ ನೇತುಹಾಕಿ ಇಳಿಸಿ ನೋಡಿದೆವು, ಅದೇ ಅಂಕಿ. ಶೇಕಡಾ 1ಕ್ಕಿಂತ ಕಡಿಮೆ ವ್ಯತ್ಯಾಸ. ಆಮೇಲೆ ಹರಿಹರದ_ಹೊಳೆ ಅವರು ತಮ್ಮ ಪೆಡಲ್ ಕೊಟ್ಟರು. ಪೆಡಲ್ ಆ್ಯಪ್‌ನಲ್ಲಿ ಕ್ರ್ಯಾಂಕ್ ಉದ್ದ 172.5 ಅಂತ ಇತ್ತು, ಮೇಸ್ತ್ರಿ ಅಣ್ಣ ನೋಡಿ 170 ಮಾಡಿಸಿದರು. ಹಾಗೇ ಬಿಟ್ಟಿದ್ದರೆ ಒಂದೂವರೆ ಪರ್ಸೆಂಟ್ ಜಾಸ್ತಿ ತೋರಿಸುತ್ತಿತ್ತಂತೆ. ಪೆಡಲ್ ಬಿಗಿದ ಮೇಲೆ ನಾಲ್ಕೈದು ಸಲ ಜೋರಾಗಿ ತುಳಿದು, ಮತ್ತೆ ಝೀರೋ ಮಾಡಿ ಶುರು ಮಾಡಿದೆ. ನನ್ನ ಎಡಗಾಲು 52, ಬಲಗಾಲು 48. ದುರ್ಗದ ಸರ್ ಲೆಕ್ಕ ಹಾಗೇ ಬಂತು.

ಹಾಗಾದರೆ ಈಗ ಎಡಗಾಲಿನ ಅಂಕಿಯನ್ನು 4 ಪರ್ಸೆಂಟ್ ಕಡಿಮೆ ಮಾಡಿಕೊಂಡು ಓದಬೇಕಾ?

ದುರ್ಗದ_ಗಾಳಿ

ಮಾಡಬೇಡಿ. 52 ಮತ್ತು 48 ಯಾವಾಗಲೂ ಹಾಗೇ ಇರುವುದಿಲ್ಲ. ದಣಿದಾಗ, ಜೋರು ತುಳಿದಾಗ ಬದಲಾಗುತ್ತದೆ. ನೀವು ಒಂದೇ ಮೀಟರ್ ಹಿಡಿದುಕೊಳ್ಳಿ. ಎಫ್‌ಟಿಪಿ ಪರೀಕ್ಷೆ ಅದರಲ್ಲೇ, ತರಬೇತಿ ಅದರಲ್ಲೇ, ರೇಸ್ ಅದರಲ್ಲೇ. ಟ್ರೈನರ್ ಮೇಲೆ ಕೂತಾಗಲೂ ಆ್ಯಪ್‌ಗೆ ಕ್ರ್ಯಾಂಕ್ ಮೀಟರನ್ನೇ ವ್ಯಾಟ್ ಮೂಲ ಅಂತ ತೋರಿಸಿ. ಹಲವು ಆ್ಯಪ್‌ಗಳಲ್ಲಿ ಟ್ರೈನರ್ ಬಿಗಿಯನ್ನು ಮೀಟರ್ ನೋಡಿಕೊಂಡು ಹೊಂದಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಬೇರೆಯವರ 205ರ ಜೊತೆ ನಿಮ್ಮ 205 ಹೋಲಿಸಬೇಡಿ, ಅಷ್ಟೇ. ಹೋದ ತಿಂಗಳ ನಿಮ್ಮದರ ಜೊತೆ ಹೋಲಿಸಿ.

ಪಿಟಿ_ಮೇಷ್ಟ್ರು

ಈ ಚರ್ಚೆ ನನಗೂ ಕಲಿಸಿತು. ಗಾಳಿಯ ಲೆಕ್ಕ ನಾಳೆ ಮಕ್ಕಳಿಗೆ ಹೇಳುತ್ತೇನೆ, ವಿಜ್ಞಾನದ ಮೇಡಂ ಅವರನ್ನೂ ಕರೆದುಕೊಂಡು. ಬಟ್ಟು ನೇತುಹಾಕುವ ಪ್ರಯೋಗಕ್ಕೆ ಸೈಕಲ್ ಸಾಕು, ಮೀಟರೂ ಬೇಡ, ಟಾರ್ಕ್ ಅಂದರೇನು ಅಂತ ಕಣ್ಣಿಗೆ ಕಾಣುತ್ತದೆ.

ಎಫ್‌ಟಿಪಿ ಪರೀಕ್ಷೆ ಎಲ್ಲಿ ಮಾಡುತ್ತೀರಿ ಸವಾರರೇ? 20 ನಿಮಿಷ ನಿಲ್ಲದೆ ತುಳಿಯಲು ಹೆದ್ದಾರಿಗೆ ಮಾತ್ರ ಇಳಿಯಬೇಡಿ. ತಲೆ ಬಗ್ಗಿಸಿ ಅಂಕಿ ನೋಡುತ್ತಾ 48ನೇ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವುದು ನೋಡಿದರೆ ನನಗೆ ಭಯವಾಗುತ್ತದೆ.

ಬೆಣ್ಣೆದೋಸೆ_ಸವಾರ

ಇಲ್ಲ ಸರ್, ಹೆದ್ದಾರಿ ಬೇಡ. ಜಗಳೂರು ಕಡೆ ಒಳರಸ್ತೆ ಒಂದು ನೋಡಿಟ್ಟಿದ್ದೇನೆ.

ಜಗಳೂರು_ರೋಡ್

ಈಗ ಬೇಡ, ಮೆಕ್ಕೆಜೋಳ ಒಣಗಲು ಹಾಕಿದ್ದಾರೆ, ಅರ್ಧ ರಸ್ತೆ ಅದೇ. ರೈತರ ಕಾಳಿನ ಮೇಲೆ ಹೋಗುವುದೂ ತಪ್ಪು, ಜಾರುತ್ತದೆ ಕೂಡ. ಸುಗ್ಗಿ ಮುಗಿಯುವವರೆಗೆ ಟ್ರೈನರ್ ಮೇಲೆ ಮಾಡಿ. ಕ್ರ್ಯಾಂಕ್ ಮೀಟರೇ ಅಳೆಯುವುದಾದರೆ ಒಳಗಾದರೇನು ಹೊರಗಾದರೇನು.

ಹರಿಹರದ_ಹೊಳೆ

ಒಳಗೆ ಮಾಡುವುದಾದರೆ ದೊಡ್ಡ ಫ್ಯಾನ್ ಒಂದಲ್ಲ, ಎರಡು ಇಡಿ ಅಣ್ಣ. ಸೆಕೆಯಲ್ಲಿ ವ್ಯಾಟ್ ಇಳಿದೇ ಇಳಿಯುತ್ತದೆ, ಅದು ಮೀಟರ್ ತಪ್ಪಲ್ಲ. ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ಐದು ನಿಮಿಷ ಜೋರು ತುಳಿದು, ಸ್ವಲ್ಪ ಸುಧಾರಿಸಿಕೊಂಡು ಆಮೇಲೆ 20 ನಿಮಿಷ. ಬಂದ ಸರಾಸರಿಯ 95 ಪರ್ಸೆಂಟ್ ನಿಮ್ಮ ಎಫ್‌ಟಿಪಿ. 220 ಬಂದರೆ 209. ಆ ಲೆಕ್ಕದಲ್ಲಿ ನಿಮ್ಮ ಎರಡನೇ ವಲಯ, ಅಂದರೆ ತುಂಬ ಹೊತ್ತು ಆರಾಮಾಗಿ ತುಳಿಯುವ ಹದ, 117ರಿಂದ 157 ವ್ಯಾಟ್. ದಿನದ ಸವಾರಿ ಬಹುಪಾಲು ಅದರೊಳಗೇ ಇರಲಿ. ಮೊದಲ ಐದು ನಿಮಿಷ ಹಗುರ ಅನ್ನಿಸುತ್ತದೆ, ಆಗ ಏರಿಸಬೇಡಿ.

ನನ್ನ ಪೆಡಲ್ ಶನಿವಾರದೊಳಗೆ ಬೇಕು. ಕೊಡುವಾಗ ಆ್ಯಪ್‌ನಲ್ಲಿ ಉದ್ದ ಮತ್ತೆ 172.5 ಮಾಡಿ ಕೊಡಿ.

ಬೆಣ್ಣೆದೋಸೆ_ಸವಾರ

ಶುಕ್ರವಾರ ಸಂಜೆ ಹರಿಹರಕ್ಕೆ ನಾನೇ ತಂದು ಕೊಡುತ್ತೇನೆ. 172.5 ಮಾಡಿ, ಪೂರ್ತಿ ಚಾರ್ಜ್ ಹಾಕಿ.